ಮೀಸಲು ಖಣದ ಪರಕಾರ

ಗರ್ಲ್ಸ್ ಹಾಸ್ಟೆಲ್, ಶಿವಾಜಿನಗರ, ಪುಣೆ
ಭಾನುವಾರ, 9 ನವೆಂಬರ್ 2003

ಅವ್ವನಿಗೆ, ಆರತಿ ಬರೆಯುತ್ತಿದ್ದೇನೆ.

ನೀನು ಅಜ್ಜಿಯನ್ನು ನೋಡಿಕೊಳ್ಳಲು ಊರಿಗೆ ಹೋಗಿ ತಿಂಗಳಾಯಿತು. ಸಾಬವ್ವಜ್ಜಿಯ ಸೊಂಟ ಈಗ ಹೇಗಿದೆ? ನಿನಗೆ ಓದಲು ಸುಲಭವಾಗಲಿ ಎಂದು ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ನೀನು ಸಾಕ್ಷರತಾ ಕ್ಲಾಸಿನಲ್ಲಿ ಕಲಿತ ಕನ್ನಡವನ್ನೇ ರಜೆಯಲ್ಲಿ ನನಗೆ ಕಲಿಸಿದೆ. ಉಳಿದ ದಿನ ಮಿಷನ್ ಹಾಸ್ಟೆಲ್ಲಿನ ಇಂಗ್ಲಿಷು. ತಾಯಿ ಮಗಳು ಇಬ್ಬರದೂ ಅರ್ಧ ಅರ್ಧ ಎಂದು ಅಪ್ಪ ನಗುತ್ತಾನಲ್ಲ, ಅಷ್ಟೇ.

ಕಾಲೇಜು ಶುರುವಾಗಿ ನಾಲ್ಕು ತಿಂಗಳಾದರೂ ಹಾಜರಿಗೆ ಮೇಡಂ ನನ್ನ ನಂಬರ್ ಕರೆದರೆ ಹೆದರಿಕೆಯಾಗುತ್ತದೆ. 'ಪ್ರೆಸೆಂಟ್' ಎನ್ನುವ ಒಂದೇ ಮಾತನ್ನು ಮನಸ್ಸಿನಲ್ಲಿ ಎರಡು ಸಲ ಹೇಳಿಕೊಂಡು ಆಮೇಲೆ ಬಾಯಿ ತೆರೆಯುತ್ತೇನೆ. ಹಾಗಿರುವವಳು ಮೊನ್ನೆ ಯಾರೂ ಕೇಳದೆ ಮಾತಾಡಿಬಿಟ್ಟೆ. ಅದಕ್ಕೇ ಈ ಪತ್ರ.

ರೂತ್ ದೀದಿಯ ಮದುವೆ ಗೊತ್ತಾಗಿದೆ. ಹಾಸ್ಟೆಲ್ಲಿಗೆ ಬಂದ ಮೊದಲ ವರ್ಷ ನಾನು ಹಾಸಿಗೆಯಲ್ಲಿ ಉಚ್ಚೆ ಹೊಯ್ದುಕೊಂಡಾಗ ಯಾರಿಗೂ ತಿಳಿಯದಂತೆ ಚಾದರ ಒಗೆದು ಹಾಕುತ್ತಿದ್ದಳಲ್ಲ, ಅದೇ ದೀದಿ. ಈಗ ಶಾಲೆಯಲ್ಲಿ ಪರಿಸರ ಪಾಠ ಮಾಡುತ್ತಾಳೆ. ಡಿಸೆಂಬರ್ ಇಪ್ಪತ್ತೇಳಕ್ಕೆ ಚರ್ಚಿನಲ್ಲಿ ಲಗ್ನ. ಅವರಲ್ಲಿ ಮದುಮಗಳ ಜೊತೆ ಒಂದೇ ತರಹದ ಉಡುಪು ಹಾಕಿಕೊಂಡು ಗೆಳತಿಯರು ನಡೆಯುತ್ತಾರೆ, ನಮ್ಮ ಕಳಸಗಿತ್ತಿಯರ ಹಾಗೆ. ನಾಲ್ವರಲ್ಲಿ ನಾನೂ ಒಬ್ಬಳು. ದೀದಿಯ ಚಿಕ್ಕಪ್ಪನ ಮಕ್ಕಳಿಬ್ಬರು, ನಾನು, ನನ್ನ ಕ್ಲಾಸಿನ ವಸಂತಿ. ವಸಂತಿಯ ಅಪ್ಪ ಕಾಂತಪ್ಪನವರು ಉಡುಪಿ ಕಡೆಯವರು, ಇಲ್ಲಿ ಸ್ಟೇಷನ್ ಹತ್ತಿರ ಹೋಟೆಲು.

ಉಡುಪಿನ ಮಾತು ಬಂದಾಗ ದೀದಿ ಹೇಳಿದಳು, "ನಾನು ಐದು ಮದುವೆಯಲ್ಲಿ ಹೀಗೆ ನಡೆದಿದ್ದೇನೆ. ಐದು ಸ್ಯಾಟಿನ್ ಗೌನು ಬೀರುವಿನಲ್ಲಿ ಇವೆ. ಒಂದನ್ನೂ ಎರಡನೇ ಸಲ ಹಾಕಿಲ್ಲ. ಹರಿದು ನೆಲ ಒರೆಸೋಣ ಅಂದರೆ ನೀರೂ ಹೀರುವುದಿಲ್ಲ. ನನ್ನ ಮದುವೆಗೆ ಹೊಸ ಬಟ್ಟೆ ಒಂದು ಮೀಟರೂ ಬೇಡ. ಮನೆಯಲ್ಲಿ ಇದ್ದದ್ದರಲ್ಲೇ ಹೊಲಿಸಿ. ಮರುದಿನ ಹಾಕಿಕೊಂಡು ಬಸ್ಸು ಹತ್ತುವಂತಿರಬೇಕು."

ಚಿಕ್ಕಪ್ಪನ ಮಕ್ಕಳು ಅಮ್ಮನ ಪೈಠಣಿ ಸೀರೆ ಇವೆ ಎಂದರು. ವಸಂತಿ, "ನಮ್ಮ ಅಮ್ಮನ ಕಪಾಟಿನಲ್ಲಿ ನಲವತ್ತು ಸೀರೆ ಉಂಟು. ಅದಕ್ಕೆ ಕತ್ತರಿ ಹಾಕುವ ಮೊದಲು ನನಗೇ ಹಾಕ್ತಾರೆ" ಅಂದಳು. ಎಲ್ಲರೂ ನಕ್ಕರು. ಆಗ ನನ್ನ ಬಾಯಿಂದ ಬಂತು: ಚಿಂಚವಾಡದ ನಮ್ಮ ಮನೆಯಲ್ಲಿ ಟ್ರಂಕ್ ತುಂಬ ಖಣ ಇದೆ.

ಖಣ ಎಂದರೇನು ಎಂದು ಹೇಳಿದೆ. ಉಡಿ ತುಂಬುವಾಗ ಅಕ್ಕಿ ಅಡಿಕೆಯ ಜೊತೆ ಇಡುವ ಕುಬಸದ ಬಟ್ಟೆ. ಯಾರೋ ನಮಗೆ ಕೊಟ್ಟದ್ದು, ನಾವು ಇನ್ಯಾರಿಗೋ ಕೊಡುವುದು. ಮನೆಯಿಂದ ಮನೆಗೆ ತಿರುಗುತ್ತದೆ, ಹೊಲಿಸುವವರೇ ಇಲ್ಲ. ದೀದಿ ನನ್ನ ಕೈ ಹಿಡಿದುಕೊಂಡು ಬಿಟ್ಟಳು. ಎಂಟೆಂಟು ಖಣ ಪಟ್ಟಿಯಾಗಿ ಜೋಡಿಸಿ ಸೊಂಟದಿಂದ ಪಾದದವರೆಗೆ ಬರುವ ಒಂದೊಂದು ಉದ್ದ ಪರಕಾರ, ಮೇಲೆ ನಮ್ಮಲ್ಲೇ ಇರುವ ಬಿಳಿ ಕುರ್ತಾ. ನಾಲ್ಕು ಪರಕಾರಕ್ಕೆ ಮೂವತ್ತೆರಡು ಖಣ.

ಅವ್ವಾ, ನಿನ್ನನ್ನು ಕೇಳದೆ ಹೇಳಿದೆ, ಈಗ ಕೇಳುತ್ತಿದ್ದೇನೆ. ಟೇಲರ್ ಇಪ್ಪತ್ತಮೂರಕ್ಕೆ ಬಟ್ಟೆ ಬೇಕೆಂದಿದ್ದಾರೆ. ನಮ್ಮ ಹಾಸ್ಟೆಲ್ಲಿನಲ್ಲಿ ರಜೆಯ ಚೀಟಿ ಹಾಕಿದರೆ, ಮೇಟ್ರನ್ ವಾಪಸ್ ಕೊಡದಿದ್ದರೆ ಒಪ್ಪಿಗೆ ಎಂದೇ ಅರ್ಥ. ಇಪ್ಪತ್ತೆರಡರ ತನಕ ನಿನ್ನ ಪತ್ರದ ದಾರಿ ನೋಡುತ್ತೇನೆ. ಬರದಿದ್ದರೆ ಒಪ್ಪಿದ್ದೀ ಎಂದುಕೊಳ್ಳುತ್ತೇನೆ. ಪ್ಲೀಸ್ ಬೈಯಬೇಡ.

ನಿನ್ನ ಮಗಳು
ಆರತಿ

*

ಬೇವಿನಹಾಳ, ತಾ. ಲಿಂಗಸುಗೂರು
20-11-2003

ಮಗಳು ಆರತಿಗೆ ನಿಮ್ಮವ್ವ ಶರಣಮ್ಮ ಸ್ವಂತ ಕೈಯಿಂದ ಬರಿಯೂದು.

ನಿನ್ನ ಪತ್ರ ಮಂಗಳವಾರ ಮುಟ್ಟಿತು. ಟಪಾಲಿನವ ವಾರದಾಗ ಎರಡು ದಿನ ಬರ್ತಾನ. ಅಜ್ಜಿ ಗ್ವಾಡಿ ಹಿಡಕೊಂಡು ನಾಕು ಹೆಜ್ಜಿ ಇಡ್ತಾಳ, ನಲವತ್ತು ಮಾತು ಬೈತಾಳ. ಆರಾಮ ಆಗ್ಲಿಕತ್ತಾಳ ಅಂತ ತಿಳಕೊ.

ಖಣ ಒಯ್ಯಿ. ಟ್ರಂಕಿನ್ಯಾಗ ಇದ್ದು ಅವು ಯಾರಿಗೆ ಬಂದಾವ. ಆ ಹುಡುಗಿ ನಿನ್ನ ಚಾದರ ಒಗದಾಳ, ಅಕಿಗೆ ಟ್ರಂಕ್ ಸಮೇತ ಕೊಟ್ರೂ ಕಡಿಮಿನ. ಖಣದಾಗ ಪರಕಾರ ಅಂತ ಅಜ್ಜಿ ನಗಲಿಕತ್ತಾಳ. ಮುಂದ ಚಾದರದಾಗ ಕುಬಸ ಹೊಲಿಸ್ತಾರಂತಾಳ.

ಒಂದ ಮಾತು. ಎಲ್ಲಾದರ ತಳಕ ಗಿಳಿಹಸರು ಖಣ ಅದ, ಮೂಲ್ಯಾಗ ಗಂಟು ಕಟ್ಟಿದ್ದು. ಅದನ್ನ ಮುಟ್ಟಬ್ಯಾಡ. ಅದು ಹುಲಿಗೆಮ್ಮನ ಮೀಸಲು. ನಿಮ್ಮಪ್ಪ ಎರಡು ವರ್ಷದ ಹಿಂದ ಗೌಂಡಿ ಕೆಲಸದಾಗ ಅಟ್ಟಣಿಗಿ ಮ್ಯಾಲಿಂದ ಬಿದ್ದಾಗ ದವಾಖಾನಿ ಬಾಗಲದಾಗ ಕುಂತು ಕಟ್ಟೀನಿ. ಜೀವ ಉಳಿಸವ್ವ, ನಿನ್ನ ಉಡಿ ತುಂಬತೀನಿ ಅಂತ. ಬ್ಯಾರೆ ಯಾರೂ ಉಡಬಾರದು, ಗಂಟು ಬಿಚ್ಚಬಾರದು. ನೀ ಶಾಣ್ಯಾಕಿ, ಹೇಳೂದು ಬ್ಯಾಡ, ಆದ್ರೂ ಹೇಳೀನಿ.

ನಿಮ್ಮಪ್ಪ ನಿಜಲಿಂಗಪ್ಪನ ಅಂಗಡಿಗೆ ಫೋನ್ ಮಾಡಿದ್ರು. ಕಟ್ಟಡದ ಏಳನೇ ಮಜಲಿನ್ಯಾಗ ಗ್ವಾಡಿಗೆ ಸಿಮಿಟ್ ಗಿಲಾವ್ ನಡದದಂತ. ಏಳು ಅಂದ್ರ ನಮ್ಮೂರ ಬೇವಿನ ಗಿಡ ಎಷ್ಟು ಆಗ್ತಾವೋ ಅಂತ ಅಜ್ಜಿ ಕೇಳ್ತಾಳ.

ಹೊಟ್ಟಿ ತುಂಬ ಉಣ್ಣು.
ಅವ್ವ

*

ಶಿವಾಜಿನಗರ
ಭಾನುವಾರ, 30 ನವೆಂಬರ್ 2003
ಅಂಚೆಗೆ ಹಾಕದ್ದು

ಅವ್ವಾ,

ನಿನ್ನ ಪತ್ರ ಶುಕ್ರವಾರ ಬಂತು. ಖಣ ಕತ್ತರಿಸಿದ್ದು ಅದಕ್ಕೆ ಐದು ದಿನ ಮೊದಲು.

ಇಪ್ಪತ್ತೆರಡರ ಸಂಜೆಯವರೆಗೆ ಕಾದೆ. ಮರುದಿನ ಲೋಕಲ್ ರೈಲು ಹಿಡಿದು ಚಿಂಚವಾಡಕ್ಕೆ ಹೋದೆ. ಅಪ್ಪ ಕೆಲಸಕ್ಕೆ ಹೋಗಿದ್ದ, ಖೋಲಿಯ ಕೀಲಿ ಪಕ್ಕದ ಮನೆಯಲ್ಲಿತ್ತು. ಟ್ರಂಕಿನಲ್ಲಿ ಎಣಿಸಿದರೆ ಮೂವತ್ತೊಂದೇ ಖಣ. ತಳದಲ್ಲಿ ಕೈಯಾಡಿಸಿದೆ, ಗಿಳಿಹಸಿರಿನದು ಸಿಕ್ಕಿತು. ಯಾವುದೋ ಮದುವೆಯ ಉಡಿಯಲ್ಲಿ ಬಂದದ್ದನ್ನು ಬಿಚ್ಚುವುದೇ ಮರೆತಿದ್ದೀ ಎಂದುಕೊಂಡೆ. ಗಂಟು ಗಟ್ಟಿಯಾಗಿತ್ತು, ಹಲ್ಲಿನಿಂದ ಬಿಚ್ಚಿದೆ. ಅಕ್ಕಿ, ಅಡಿಕೆ, ಅರಿಷಿಣದ ಬೇರು ಇದ್ದವು. ಕಿಟಕಿಯಿಂದ ಹೊರಗೆ ಚೆಲ್ಲಿದೆ. ಗುಬ್ಬಿಗಳು ಬಂದವು. ಒಳ್ಳೆಯದಾಯಿತು, ಏನೂ ವೇಸ್ಟ್ ಆಗಲಿಲ್ಲ ಎಂದುಕೊಂಡೆ.

ಟೇಲರ್ ಅಪ್ಪಾಸಾಹೇಬ ಕಾಕಾ ಅಕ್ಕಲಕೋಟೆ ಕಡೆಯವರು, ಕನ್ನಡ ಬರುತ್ತದೆ. ಖಣಗಳನ್ನು ಒಂದೊಂದಾಗಿ ಬಿಡಿಸಿ ನೋಡುತ್ತ ಹಸಿರಿಗೆ ಬಂದು ನಿಂತರು. "ಯವ್ವಾ, ಇದರ ಮೂಲಿಗೆ ಅರಿಷಿಣ ಹತ್ತದ. ಇದು ಇಟ್ಟಿದ್ದು ಕಾಣ್ತದ. ಮನ್ಯಾಗ ಕೇಳೀದಿಲ್ಲ?"

ನಾನು ಹೂಂ, ಕೇಳಿದ್ದೇನೆ ಅಂದೆ. ಏಕೆ ಹಾಗೆ ಹೇಳಿದೆನೋ. ದೀದಿ ಪಕ್ಕದಲ್ಲಿ ನಿಂತಿದ್ದಳು.

ನಿನ್ನ ಪತ್ರ ಓದಿ ಅಂಗಡಿಗೆ ಓಡಿದೆ. ನಾಲ್ಕೂ ಪರಕಾರ ಹೊಲಿದು ತೂಗುಹಾಕಿದ್ದರು. ಹಸಿರು ವಸಂತಿಯದರಲ್ಲಿ ಸೇರಿದೆ. ಬಿಚ್ಚಿಕೊಡಿ ಎಂದು ಬೇಡಿಕೊಂಡೆ. "ಹೊಲಿಗಿ ಬಿಚ್ಚಿ ಕೊಡಬಹುದವ್ವ, ಕತ್ತರಸಿದ್ದು ಹೆಂಗ ಕೂಡಸ್ಲಿ" ಅಂದರು. ಮತ್ತೆ ನನ್ನ ಮುಖ ನೋಡಿದರು. ಅರಿಷಿಣ ಹತ್ತಿದ್ದ ಮೂಲೆಯ ಚೂರನ್ನು ಬುಟ್ಟಿಯಿಂದ ಹುಡುಕಿ ನನ್ನ ಕೈಯಲ್ಲಿಟ್ಟರು.

ನಾನು ದೇವರು ದಿಂಡರನ್ನು ನಂಬುವವಳಲ್ಲ ಎಂದು ಹಾಸ್ಟೆಲ್ಲಿನಲ್ಲಿ ಹೇಳಿಕೊಂಡು ತಿರುಗುತ್ತೇನೆ. ಆದರೆ ಅಪ್ಪ ಏಳನೆಯ ಮಜಲಿನಲ್ಲಿದ್ದಾನೆ. ನಿನ್ನೆ ಕ್ಲಾಸಿನಲ್ಲಿ ಕಿಟಕಿಯಾಚೆ ಯಾರೋ ಮರದ ಹಲಗೆ ಕೆಳಗೆ ಹಾಕಿದರು. ಆ ಸದ್ದಿಗೆ ನಾನು ಎದ್ದು ನಿಂತುಬಿಟ್ಟೆ. ಮೇಡಂ, "ಯೆಸ್?" ಎಂದರು. ನನಗೆ 'ಪ್ರೆಸೆಂಟ್' ಎನ್ನುವುದು ಬಿಟ್ಟು ಬೇರೇನೂ ಹೊಳೆಯಲಿಲ್ಲ.

ಇದನ್ನು ಹೇಗೆ ಕಳಿಸಲಿ.

*

ಶಿವಾಜಿನಗರ
30 ನವೆಂಬರ್ 2003

ಅವ್ವನಿಗೆ,

ನಿನ್ನ ಪತ್ರ ತಲುಪಿತು. ಖಣ ಒಯ್ದೆ. ಪರಕಾರ ಚೆನ್ನಾಗಿ ಬಂದಿವೆ, ದೀದಿಗೆ ಖುಷಿಯಾಗಿದೆ. ನೀನು ಹೇಳಿದ ಹಸಿರು ಖಣ ಜೋಪಾನವಾಗಿದೆ.

ನನ್ನ ರೂಮಿನ ಹುಡುಗಿಯೊಬ್ಬಳು ಕೇಳುತ್ತಿದ್ದಳು, ದೇವರಿಗೆ ಮೀಸಲಿಟ್ಟದ್ದನ್ನು ಯಾರಾದರೂ ಗೊತ್ತಿಲ್ಲದೆ ಬಳಸಿದರೆ ಏನಾಗುತ್ತದೆ ಎಂದು. ಅವರ ಮನೆಯಲ್ಲಿ ಹಾಗೇನೋ ಆಗಿದೆಯಂತೆ. ನಿನಗೆ ಗೊತ್ತಿದ್ದರೆ ಬರೆ. ಅರ್ಜೆಂಟ್ ಏನಿಲ್ಲ.

ಅಪ್ಪನಿಗೆ ಹುಷಾರಾಗಿರಲು ಹೇಳು.

ಆರತಿ

*

ಬೇವಿನಹಾಳ
12-12-2003

ಆರತಿಗೆ ಅವ್ವ ಬರಿಯೂದು.

ನಿನ್ನ ರೂಮಿನ ಹುಡುಗಿಗೆ ಏನ್ ಹೇಳ್ಲಿ. ಇಲ್ಲಿ ತಿಪ್ಪವ್ವ ಅಂತ ಒಬ್ಬಾಕಿ ದೇವಿಗೆ ಬಿಟ್ಟ ಆಡು ಮಾರಿದ್ಲು. ತಿಂಗಳದಾಗ ಆಕಿ ಎಮ್ಮಿ ಸತ್ತಿತು. ದೇವಿ ಸಿಟ್ಟು ಅಂದ್ರು ಮಂದಿ. ಎಮ್ಮಿಗೆ ಮೊದಲ ರೋಗ ಇತ್ತು ಅಂದ್ಲು ಅಜ್ಜಿ. ಯಾವುದು ಖರೇನೋ, ಎಮ್ಮಿ ಅಂತೂ ಹೋತು.

ಆ ಹುಡುಗಿಗೆ ಒಂದ ಹೇಳು. ದೇವರಿಗೆ ಹೆದರೂದು ಇರ್ಲಿ, ಮೊದಲ ಮನಿಯವರಿಗೆ ಹೇಳು ಅನ್ನು. ಒಬ್ಬಾಕಿನ ಹೊತಗೊಂಡು ತಿರುಗಿದ್ರ ಅನ್ನ ಒಳಗ ಇಳಿಯೂದಿಲ್ಲ. ಆ ಹುಡುಗಿ ಉಣ್ತಾಳೋ ಇಲ್ಲೋ?

ಪತ್ರ ಸಣ್ಣದು ಬರ್ದೀ ಈ ಸಲ. ಅಕ್ಷರನೂ ಸಣ್ಣವು.

ಅವ್ವ

*

ಶಿವಾಜಿನಗರ
ಭಾನುವಾರ, 21 ಡಿಸೆಂಬರ್ 2003

ಅವ್ವಾ,

ರೂಮಿನ ಹುಡುಗಿ ನಾನೇ. ನಿನಗೆ ಗೊತ್ತಾಗಿದೆ ಎಂದು ನನಗೂ ಗೊತ್ತಾಯಿತು.

ನವೆಂಬರ್ ಮೂವತ್ತರಂದು ಬರೆದು ಕಳಿಸದೆ ಇಟ್ಟ ಪತ್ರವನ್ನು ಇದರ ಜೊತೆ ಇಟ್ಟಿದ್ದೇನೆ. ಅದನ್ನು ಮೊದಲು ಓದು, ಆಮೇಲೆ ಇದನ್ನು. ಹಸಿರು ಖಣ ಇಲ್ಲ. ಅದು ಪರಕಾರದ ಪಟ್ಟಿಯಾಗಿದೆ.

ಇವತ್ತು ಚಿಂಚವಾಡಕ್ಕೆ ಹೋಗಿದ್ದೆ. ಅಪ್ಪನಿಗೆ ರಜೆ ಗುರುವಾರ, ಭಾನುವಾರ ಕೆಲಸ ಇರುತ್ತದೆ. ಎಲ್ಲ ಹೇಳಿ, ಮೇಲೆ ಹತ್ತಬೇಡ ಎಂದು ಕಾಲು ಹಿಡಿಯಬೇಕು ಎಂದುಕೊಂಡು ಹೊರಟೆ. ಕಟ್ಟಡದ ಮುಂದೆ ನಿಂತು ಏಳನೆಯ ಮಜಲನ್ನು ನೋಡಿದರೆ ಕತ್ತು ನೋವಾಯಿತು. ಬಿದಿರಿನ ಮೇಲೆ ನಾಲ್ಕೈದು ಜನ ಇದ್ದರು, ಇರುವೆಗಳ ಹಾಗೆ. ಯಾರು ಅಪ್ಪ ಎಂದು ತಿಳಿಯಲಿಲ್ಲ. ಒಬ್ಬ ಬಗ್ಗಿದಾಗಲೆಲ್ಲ ಇವನೇ ಅಪ್ಪ ಎಂದುಕೊಳ್ಳುತ್ತಿದ್ದೆ.

ಆಗ ಹಿಂದಿನಿಂದ, "ಆರತಿ, ಇಲ್ಲಿ ಯಾಕ ಬಂದಿ?" ಎಂಬ ದನಿ ಕೇಳಿಸಿತು. ಅಪ್ಪ. ನೆಲದ ಮೇಲೆ, ಜರಡಿ ಹಿಡಿದುಕೊಂಡು ಉಸುಕಿನ ಗುಡ್ಡೆಯ ಪಕ್ಕ ನಿಂತಿದ್ದ.

ಅವ್ವಾ, ಅಪ್ಪ ಮೇಲೆ ಹತ್ತುವುದೇ ಇಲ್ಲ. ಬಿದ್ದಾಗಿನಿಂದ ಹತ್ತಿಲ್ಲ. ಎರಡು ವರ್ಷದಿಂದ ಕೆಳಗೆ ಉಸುಕು ಸಾಣಿಸುತ್ತಾನೆ, ಉಸುಕು ಹೊರುತ್ತಾನೆ. ಏಳನೆಯ ಮಜಲು ಎಂದು ಫೋನಿನಲ್ಲಿ ಹೇಳಿದ್ದು ಸುಳ್ಳು. "ಒಂದ ಅಟ್ಟಣಿಗಿ ಏರಿ ಕೆಳಗ ನೋಡಿದ್ರ ನೆಲ ಎದ್ದು ಬರ್ತದ ನನ್ನ ಕಡೆ. ಕೈ ಬಿಗೀತಾವ. ಈ ಹುಲಿಗೆಪ್ಪ ಗೌಂಡಿ ಅಂದ್ರ ತೂಕದ ಗುಂಡು ಇಲ್ಲದನ ಗ್ವಾಡಿ ನೆಟ್ಟಗ ಎಬ್ಬಸ್ತಾನ ಅಂತಿದ್ರು. ಈಗ ಹುಡುಗುರು ನನಗ ಕಾಕಾ, ಉಸುಕು ತಾ ಅಂತಾರ. ನಿಮ್ಮವ್ವಗ ಹೇಳಬ್ಯಾಡ" ಎಂದ.

ನಾನು ಖಣದ ಸಂಗತಿ ಹೇಳಿದೆ. ಅರಿಷಿಣದ ಚೂರನ್ನು ತೋರಿಸಿದೆ. ಅಪ್ಪ ಅದನ್ನು ಉಸುಕಿನ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ. ಅವನಿಗೆ ಆ ಖಣ ಇರುವುದೇ ಗೊತ್ತಿರಲಿಲ್ಲವಂತೆ. "ನನ್ನ ಜೀವ ಟ್ರಂಕಿನ್ಯಾಗ ಇಟ್ಟು ಕೀಲಿ ಹಾಕ್ಯಾಳೇನ ನಿಮ್ಮವ್ವ" ಎಂದು ನಗಲು ನೋಡಿದ, ಆಗಲಿಲ್ಲ. ಆಮೇಲೆ, "ಗಂಟು ಬಿಚ್ಚಿ ಎಷ್ಟು ದಿವಸ ಆತು?" ಎಂದು ಕೇಳಿದ. ಸುಮಾರು ತಿಂಗಳು ಎಂದೆ.

"ತಿಂಗಳಿಂದ ನಾ ಇದ್ದೀನಲ್ಲ" ಎಂದ. ತನಗೇ ಹೇಳಿಕೊಂಡ ಹಾಗೆ.

ಅಪ್ಪ ಹೇಳಬೇಡ ಎಂದದ್ದನ್ನೂ ಹೇಳಿಬಿಟ್ಟೆ. ಇನ್ನೊಂದನ್ನು ಮುಚ್ಚಿಡಲು ನನ್ನಲ್ಲಿ ಜಾಗವಿಲ್ಲ. ಬೈಯುವುದಿದ್ದರೆ ಪೂರ್ತಿ ಬೈದು ಬರೆ, ಆದರೆ ಬರೆಯದೆ ಇರಬೇಡ.

ಆರತಿ

*

ಶಿವಾಜಿನಗರ
ಭಾನುವಾರ, 28 ಡಿಸೆಂಬರ್ 2003

ಅವ್ವಾ,

ನಿನ್ನ ಉತ್ತರ ಇನ್ನೂ ಬಂದಿಲ್ಲ. ನನ್ನ ಪತ್ರ ನಿನ್ನ ಕೈಗೆ ಸೇರಿತೋ ಇಲ್ಲವೋ. ಆದರೂ ತಡೆಯಲಾಗದೆ ಬರೆಯುತ್ತಿದ್ದೇನೆ.

ನಿನ್ನೆ ದೀದಿಯ ಮದುವೆ. ಹಸಿರು ಪಟ್ಟಿಯ ಪರಕಾರವನ್ನು ನಾನು ಹಾಕಿಕೊಂಡೆ. ಬೇರೆಯವರ ಮೈಮೇಲೆ ಹೋಗುವುದು ಬೇಡ, ಏನು ಬರುವುದಿದ್ದರೂ ನನ್ನ ಮೇಲೆ ಬರಲಿ ಎಂದು ಪರಕಾರ ಬದಲಿಸಿಕೊಳ್ಳೋಣವಾ ಎಂದು ವಸಂತಿಯನ್ನು ಕೇಳಿದೆ. "ಎಂಥ ಮಾರಾಯ್ತಿ, ನೀನು ನನ್ನ ಹೆಗಲಿಗೆ ಬರ್ತಿ. ಚರ್ಚ್ ಪೂರ್ತಿ ಗುಡಿಸಿಕೊಂಡು ಹೋಗ್ತೀಯಾ?" ಎಂದಳು. ಮತ್ತೆ ನನ್ನ ಕಣ್ಣು ನೋಡಿ ತನ್ನದನ್ನು ಕೊಟ್ಟಳು. ಸೊಂಟದಲ್ಲಿ ಮಡಚಿ ಆರು ಪಿನ್ನು ಹಾಕಿದಳು. ಅವಳಿಗೆ ನನ್ನದು ಗಿಡ್ಡವಾಗಿ ಕಾಲ್ಗೆಜ್ಜೆಯ ಮೇಲೆ ನಿಂತಿತು. "ನನಗೆ ಲಾಭವೇ, ಮೆಟ್ಟಿಲಿನಲ್ಲಿ ಬೀಳುವುದಿಲ್ಲ" ಎಂದಳು.

ನಡುವಿನ ದಾರಿಯಲ್ಲಿ ನಡೆಯುವಾಗ ಎಲ್ಲರೂ ನಮ್ಮನ್ನೇ ನೋಡುತ್ತಿದ್ದರು. ಖಣದ ಆ ಸಣ್ಣ ನೇಯ್ಗೆ ಕಿಟಕಿಯ ಬಿಸಿಲಿಗೆ ಎಷ್ಟು ಹೊಳೆಯುತ್ತಿತ್ತು ಎಂದರೆ, ನಿನ್ನ ಟ್ರಂಕಿನಲ್ಲಿ ಅದು ಇಷ್ಟು ವರ್ಷ ಕತ್ತಲಲ್ಲಿ ಇತ್ತಲ್ಲ ಅನಿಸಿತು. ನನಗೆ ಮಾತ್ರ ಪ್ರತಿ ಹೆಜ್ಜೆಗೂ ಆ ಪಟ್ಟಿ ಮೊಣಕಾಲಿಗೆ ತಾಗುವುದು ತಿಳಿಯುತ್ತಿತ್ತು. ಒಬ್ಬಳೇ ಒಂದು ಕೆಂಡ ಕಟ್ಟಿಕೊಂಡು ನಡೆದ ಹಾಗೆ.

ಹೊರಗೆ ಬಂದಾಗ ಗೇಟಿನ ಹತ್ತಿರ ಅಪ್ಪ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ. ಒಳಗೆ ಬಾ ಎಂದರೆ ಬರಲಿಲ್ಲ. ಪರಕಾರವನ್ನು ನೋಡಿದ, ಹಸಿರನ್ನು ನೋಡಿದ. ಅವನ ಅಂಗಿಯ ಕಿಸೆಗೆ ಅರಿಷಿಣದ ಚೂರನ್ನು ಪಿನ್ನಿನಿಂದ ಚುಚ್ಚಿಕೊಂಡಿದ್ದ.

"ಸೋಮವಾರ ಒಂದನೇ ಮಜಲು ಏರಿದ್ನಿ. ನಿನ್ನೆ ಮೂರನೇದು" ಎಂದ.

ಯಾಕೆ ಹತ್ತಿದೆ ಎಂದು ಕೇಳಿದ್ದಕ್ಕೆ, "ಎರಡು ವರ್ಷ ನನ್ನ ಕಾಲು ಹಿಡದಿದ್ದು ಏನಂತ ತಿಳೀವಲ್ದಾಗಿತ್ತು. ಆ ಗಂಟು ಬಿಚ್ಚಿದ ಮ್ಯಾಲೂ ಏನೂ ಆಗಿಲ್ಲ ಅಂದ್ರ, ಏರಿ ನೋಡೂನು ಅನಿಸ್ತು. ಕೈ ಇನ್ನೂ ನಡುಗತಾವ. ಗ್ವಾಡಿ ಮಾತ್ರ ನೆಟ್ಟಗ ಬಂದದ" ಎಂದ. ನಾನು ಇಷ್ಟು ದಿನ ಹೆದರಿದ್ದು ಅವನು ಮೇಲಿದ್ದಾನೆ ಎಂದು, ಆಗ ಅವನು ನೆಲದ ಮೇಲಿದ್ದ. ಈಗ ನಿಜವಾಗಿ ಮೇಲಿದ್ದಾನೆ. ನಾನೇ ಹತ್ತಿಸಿದೆ.

ಅವ್ವಾ, ಇಳಿ ಎಂದು ಅಪ್ಪನಿಗೆ ಹೇಳು. ನಿನ್ನ ಮಾತು ಕೇಳುತ್ತಾನೆ. ನಿಜಲಿಂಗಪ್ಪನ ಅಂಗಡಿಯಿಂದ ಫೋನ್ ಮಾಡು, ಊರೆಲ್ಲ ಕೇಳಿಸಿಕೊಂಡರೂ ಸರಿ. ನನ್ನಿಂದ ಓದಲು ಆಗುತ್ತಿಲ್ಲ, ಮುಂದಿನ ತಿಂಗಳು ಎಕ್ಸಾಂ.

ಆರತಿ

*

ಬೇವಿನಹಾಳ
6-1-2004

ನನ್ನ ಮಗಳು ಆರತಿಗೆ.

ಎರಡೂ ಪತ್ರ ಮುಟ್ಟಿದಾವ. ಮೊದಲನೇದು ಎರಡು ಸಲ ಓದಿದ್ನಿ. ಎರಡು ದಿನ ನಿನ್ನ ಬೈದೀನಿ, ಸುಳ್ಳ ಯಾಕ ಹೇಳ್ಲಿ. ಬರೀಲಿಕ್ಕೆ ಕುಂತ್ರ ಬರೇ ಬೈಗಳ ಬರ್ತಿದ್ವು, ಅದಕ್ಕ ಬರೀಲಿಲ್ಲ.

ಈಗ ನಂದೊಂದು ಕೇಳು. ಯಾರಿಗೂ ಹೇಳಿಲ್ಲ.

ನಿಮ್ಮಪ್ಪ ನೆಟ್ಟಗ ನಡದಾಡಿದ ದಿನಾನ ನಾ ಹುಲಿಗಿಗೆ ಹೋಗಿ ಹರಕಿ ಮುಟ್ಟಸಬೇಕಿತ್ತು. ಹೋಗಲಿಲ್ಲ. ರಜಾ ಇಲ್ಲ, ಬಸ್ಸಿಲ್ಲ, ಅಜ್ಜಿಗೆ ಆರಾಮಿಲ್ಲ ಅಂತ ಒಂದೊಂದು ನೆವ ತಗದ್ನಿ. ಖರೇ ಅಂದ್ರ ಹೆದರಿದ್ನಿ. ಉಡಿ ತುಂಬಿ ಬಂದ ಮ್ಯಾಲೆ ದೇವಿ ನಮ್ಮನ್ನ ಮರತುಬಿಟ್ರ? ಗಂಟು ಇರೂತನಕ ನಿಮ್ಮಪ್ಪನ ಕಡೆ ಅಕಿ ಲಕ್ಷ ಇರ್ತದ ಅಂತ ಹಂಗ ಇಟಗೊಂಡು ಕುಂತ್ನಿ. ಮೀಸಲು ಕೆಡಸಿದಾಕಿ ನೀ ಅಲ್ಲ. ಎರಡು ವರ್ಷ ಮುಚ್ಚಿಟ್ಟ ನಾ ಮೊದಲ ಕೆಡಸೀನಿ.

ಉಸುಕಿನ ಸಂಗತಿನೂ ನನಗ ಗೊತ್ತಿತ್ತು. ಅವರ ಅಂಗಿ ಒಗಿಯಾಕಿ ನಾನಲ್ಲ? ಗಿಲಾವ್ ಮಾಡಾವನ ತೋಳಿಗೆ ಸಿಮಿಟ್ ಹತ್ತತದ. ಇವರ ಕಿಸೆದಾಗ ಬರೇ ಉಸುಕು. ಅವರು ಸುಳ್ಳ ಹೇಳ್ಲಿ, ನೆಲದ ಮ್ಯಾಲೆ ಇರ್ಲಿ ಅಂತ ಸುಮ್ಮಕಿದ್ನಿ. ಆದ್ರ ಆ ಎರಡು ವರ್ಷ ಅವರು ಎದುರು ಕುಂತು ಉಣ್ಣಲಿಲ್ಲ. ಗ್ವಾಡಿ ಕಡೆ ಮಾರಿ ಮಾಡಿ ಉಣ್ತಿದ್ರು. ನೀ ಹಾಸ್ಟೆಲಿನ್ಯಾಗ ಇದ್ದಿ, ನಿನಗ ಕಾಣಲಿಲ್ಲ.

ದೇವಿ ಉಡಿಗೆ ಬಿದ್ದ ಖಣ ದೇವಿ ಉಡ್ತಾಳೇನು, ಯಾವದರೆ ಹೆಣ್ಣಮಗಳ ಮೈಮ್ಯಾಲೆ ಬರ್ತದ ಅಂತಾಳ ಅಜ್ಜಿ. ಖರೇ ಹೇಳ್ತಾಳೋ ಸಮಾಧಾನಕ್ಕ ಹೇಳ್ತಾಳೋ ತಿಳೀವಲ್ದು. ನನ್ನ ಹೆದರಿಕಿ ಹೋಗಿಲ್ಲ.

ಇಳೀರಿ ಅಂತ ನಾ ಫೋನ್ ಮಾಡೂದಿಲ್ಲ. ನಾ ಅಂದ್ರ ಇಳೀತಾರ. ಇಳದ ಮ್ಯಾಲೆ ಮತ್ತ ಏರೂದಿಲ್ಲ, ಮತ್ತ ಗ್ವಾಡಿ ಕಡೆ ತಿರುಗತಾರ.

ಸಂಕ್ರಾಂತಿ ಮುಗಿಸಿ ಬರ್ತೀನಿ. ನಿನ್ನ ಪರೀಕ್ಷಾ ಆದ ಮ್ಯಾಲೆ ಮೂರೂ ಮಂದಿ ಹುಲಿಗಿಗೆ ಹೋಗೂನು. ನೀ ಅದ ಪರಕಾರ ಉಟ್ಟು ಬಾ, ಬಿಚ್ಚಿಸಬ್ಯಾಡ. ಆ ಪಿನ್ನು ತಗದು ಕೆಳಗ ಮಡಚಿ ಹೊಲಿಸು, ಮುಗ್ಗರಿಸಿ ಬಿದ್ದಿ.

ನಾ ಬರೂತನಕ ಒಂದ ಕೆಲಸ ಮಾಡು. ಐತವಾರಕ್ಕೊಮ್ಮೆ ಚಿಂಚವಾಡಕ್ಕ ಹೋಗು, ಅದನ್ನ ಉಟಗೊಂಡು. ಪುಸ್ತಕ ಒಯ್ಯಿ, ಅಲ್ಲೇ ಕುಂತು ಓದು. ಕಟ್ಟಡದ ಬುಡಕ ನಿಂದರಬ್ಯಾಡ, ಮ್ಯಾಲಿಂದ ಏನರೆ ಬಿದ್ದೀತು. ದೂರ, ಬಯಲಾಗ ಕುಂದ್ರು. ಹಸರು ಪಟ್ಟಿ ಮುಂದ ಬರೂವಂಗ ಉಡು, ಅದು ದೂರಿಂದ ಕಾಣ್ತದ. ಅವರು ಕೆಳಗ ನೋಡಿದಾಗ ನೆಲ ಕಾಣಬಾರದು. ನೀ ಕಾಣಬೇಕು.

ನಿಮ್ಮವ್ವ
ಶರಣಮ್ಮ